ಕ್ಯಾಮೆರಾದ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೊಬೈಲಿನಲ್ಲಿ ತೆಗೆದ ಚಿತ್ರಗಳು ತಾವಾಗಿಯೇ ಎಲ್ಲೋ ಒಂದು ಕಡೆ ಹೋಗಿ ಸೇರಿಕೊಳ್ಳುವುದಕ್ಕೆ ನಾವೆಲ್ಲ ಒಗ್ಗಿಹೋಗಿದ್ದೇವೆ. ಕ್ಯಾಮೆರಾದ ವಿಷಯದಲ್ಲಿ ಆ ಕೆಲಸ ಇವತ್ತಿಗೂ ನಮ್ಮ ಕೈಯಿಂದಲೇ ಆಗಬೇಕು. ನೆಂಟರು, ಸ್ನೇಹಿತರು, ಪಕ್ಷಿವೀಕ್ಷಣೆಗೆ ಜೊತೆಯಾಗುವವರು ವರ್ಷಗಳಿಂದ ನನ್ನನ್ನು ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಉತ್ತರಗಳ ಹಿಂದೆ ಇರುವ ಎಚ್ಚರಿಕೆ ಒಂದೇ: ಚಿತ್ರಗಳು ಕಂಪ್ಯೂಟರಿನಲ್ಲಿ ಸರಿಯಾಗಿ ತೆರೆದುಕೊಂಡು, ಇನ್ನೊಂದು ಡಿಸ್ಕಿಗೂ ಸೇರುವವರೆಗೆ ಕಾರ್ಡಿನಲ್ಲಿರುವ ಮೂಲವನ್ನು ಮುಟ್ಟಬಾರದು.

ಕೇಬಲ್ ಒಳ್ಳೆಯದೋ, ಕಾರ್ಡ್ ರೀಡರ್ ಒಳ್ಳೆಯದೋ?

ಎಸ್‌ಡಿ ಕಾರ್ಡ್ ಬಳಸುವ ಕ್ಯಾಮೆರಾ ನಿಮ್ಮದಾಗಿದ್ದರೆ, ಕಾರ್ಡನ್ನು ಹೊರತೆಗೆದು ಕಂಪ್ಯೂಟರಿಗೆ ಓದಿಸುವ ಕಾರ್ಡ್ ರೀಡರ್ ಒಳ್ಳೆಯದು ಎಂದು ನಾನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಕೇಬಲ್ ಹಾಕಿದರೆ ಕ್ಯಾಮೆರಾ ಅಷ್ಟು ಹೊತ್ತೂ ಚಾಲೂ ಇರಬೇಕಾಗುತ್ತದೆ, ಮದುವೆ ಮುಗಿಸಿ ಬಂದ ರಾತ್ರಿ ಅದರ ಬ್ಯಾಟರಿ ಅರ್ಧ ದಾರಿಯಲ್ಲಿ ಕೈಕೊಡುವ ಸಂಭವವೇ ಹೆಚ್ಚು. ಅಲ್ಲದೆ ಕ್ಯಾಮೆರಾದ ಪಕ್ಕದಲ್ಲಿರುವ ಆ ಪುಟ್ಟ ಕಿಂಡಿ ಸಡಿಲವಾದರೆ ರಿಪೇರಿಗೆ ಸಾವಿರಗಟ್ಟಲೆ ಖರ್ಚು, ರೀಡರ್ ಕೆಟ್ಟರೆ ಕೆಲವು ನೂರು ರೂಪಾಯಿಗೆ ಹೊಸದೇ ಸಿಗುತ್ತದೆ. ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಬಳಸುವ ಹಳೆಯ ದೊಡ್ಡ ಕ್ಯಾಮೆರಾಗಳಿಗೆ ಮಾತ್ರ ಈ ಮಾತನ್ನು ಸ್ವಲ್ಪ ತಿದ್ದಬೇಕು. ಆ ಕಾರ್ಡಿನ ಅಂಚಿನಲ್ಲಿ 50 ತೂತುಗಳಿರುತ್ತವೆ, ಅವುಗಳೊಳಗೆ ಹೋಗುವ ಸೂಜಿಯಂಥ 50 ಪಿನ್ನುಗಳು ಕ್ಯಾಮೆರಾದೊಳಗೆ ಇರುತ್ತವೆ. ಕಾರ್ಡನ್ನು ಓರೆಯಾಗಿ ಒತ್ತಿ ಒಂದು ಪಿನ್ನು ಬಾಗಿದರೂ ಕ್ಯಾಮೆರಾವನ್ನು ಸರ್ವಿಸ್ ಕೇಂದ್ರಕ್ಕೆ ಹೊತ್ತೊಯ್ಯಬೇಕಾಗುತ್ತದೆ. ಅಂಥವರು ಕೇಬಲ್ ಬಳಸಿದರೆ ತಪ್ಪೇನಿಲ್ಲ.

ಕಾರ್ಡ್ ರೀಡರಿನ ದೊಡ್ಡ ಅಪಾಯವೆಂದರೆ ಮರೆವು. ಒಮ್ಮೆ ರಂಗನತಿಟ್ಟಿನ ದೋಣಿಯಲ್ಲಿ ಕುಳಿತು, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯತ್ತ ಲೆನ್ಸ್ ತಿರುಗಿಸಿದಾಗ ಪರದೆಯ ಮೇಲೆ ‘ಕಾರ್ಡ್ ಇಲ್ಲ’ ಎಂಬ ಸೂಚನೆ ಕಂಡಿತು. ಕಾರ್ಡು ಮನೆಯಲ್ಲಿ, ಲ್ಯಾಪ್‌ಟಾಪಿನ ಪಕ್ಕದ ಕಿಂಡಿಯಲ್ಲಿ ಹಾಯಾಗಿತ್ತು. ಹೆಚ್ಚಿನ ಕ್ಯಾಮೆರಾಗಳ ಮೆನುವಿನಲ್ಲಿ, ಕಾರ್ಡ್ ಇಲ್ಲದಿದ್ದಾಗ ಶಟರ್ ಬೀಳದಂತೆ ಮಾಡುವ ಆಯ್ಕೆ ಇರುತ್ತದೆ. ಅದನ್ನು ಇಂದೇ ಹಾಕಿಟ್ಟುಕೊಳ್ಳಿ. ಕಾರ್ಡು ರೀಡರಿನಲ್ಲಿರುವಷ್ಟು ಹೊತ್ತು ಕ್ಯಾಮೆರಾದ ಕಾರ್ಡಿನ ಬಾಗಿಲನ್ನು ತೆರೆದೇ ಇಡುವುದು ನಾನು ಆಮೇಲೆ ರೂಢಿಸಿಕೊಂಡ ಉಪಾಯ.

ಕೇಬಲ್ ಸಿಕ್ಕಿಸಿದ್ದೇನೆ, ಆದರೂ ಕಂಪ್ಯೂಟರಿಗೆ ಕ್ಯಾಮೆರಾ ಕಾಣುತ್ತಿಲ್ಲ. ಏನು ಮಾಡಲಿ?

ಮೊದಲು ಅನುಮಾನಿಸಬೇಕಾದದ್ದು ಕೇಬಲನ್ನು. ಸಾಮಾನ್ಯ ಯುಎಸ್‌ಬಿ ಕೇಬಲಿನೊಳಗೆ ವಿದ್ಯುತ್ತಿಗೆ ಎರಡು ತಂತಿ, ಮಾಹಿತಿಗೆ ಎರಡು ತಂತಿ ಇರುತ್ತವೆ. ಪವರ್ ಬ್ಯಾಂಕ್, ಟಾರ್ಚು, ಟ್ರಿಮ್ಮರುಗಳ ಜೊತೆಗೆ ಬರುವ ಅಗ್ಗದ ಕೇಬಲುಗಳಲ್ಲಿ ಮಾಹಿತಿಯ ತಂತಿಗಳನ್ನೇ ಹಾಕಿರುವುದಿಲ್ಲ. ಅಂಥ ಕೇಬಲಿನಲ್ಲಿ ಕ್ಯಾಮೆರಾ ಚಾರ್ಜ್ ಆಗಬಹುದು, ಆದರೆ ಒಂದು ಚಿತ್ರವೂ ದಾಟಿ ಬರುವುದಿಲ್ಲ. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲವಾದ್ದರಿಂದ, ಬೇರೊಂದು ಸಾಧನದಿಂದ ಕಡತ ವರ್ಗಾಯಿಸಿ ಗೊತ್ತಿರುವ ಕೇಬಲನ್ನೇ ಹಾಕಿ ಪರೀಕ್ಷಿಸಿ.

ಕೇಬಲ್ ಸರಿಯಿದ್ದರೆ ಕ್ಯಾಮೆರಾ ಚಾಲೂ ಇದೆಯೇ ಎಂದು ನೋಡಿ. ಹಾಸ್ಯವಲ್ಲ, ಕೆಲವು ಕ್ಯಾಮೆರಾಗಳು ಚಾರ್ಜ್ ಆಗುವಾಗ ದೀಪ ಉರಿಸುತ್ತವೆಯಾದರೂ ಸ್ವಿಚ್ ಹಾಕದೆ ಕಂಪ್ಯೂಟರಿನೊಡನೆ ಮಾತನಾಡುವುದಿಲ್ಲ. ವೈಫೈ ಚಾಲೂ ಇದ್ದಾಗ ಯುಎಸ್‌ಬಿ ಸಂಪರ್ಕವನ್ನು ಒಪ್ಪದ ಮಾದರಿಗಳೂ ಸಾಕಷ್ಟಿವೆ, ವೈಫೈಯನ್ನು ಮೆನುವಿನಲ್ಲಿ ಆಫ್ ಮಾಡಿ ನೋಡಿ. ಈಚಿನ ಕ್ಯಾಮೆರಾಗಳಲ್ಲಿ ಯುಎಸ್‌ಬಿ ಎಂದರೆ ನಾಲ್ಕಾರು ಅರ್ಥ: ಚಿತ್ರ ವರ್ಗಾವಣೆ, ಕಂಪ್ಯೂಟರಿನಿಂದಲೇ ಕ್ಯಾಮೆರಾ ನಡೆಸುವುದು, ವೆಬ್‌ಕ್ಯಾಮ್ ಆಗಿ ಬಳಸುವುದು, ಚಾರ್ಜ್ ಮಾಡುವುದು. ಕೋವಿಡ್ ಕಾಲದಲ್ಲಿ ಆನ್‌ಲೈನ್ ತರಗತಿಗೆಂದು ವೆಬ್‌ಕ್ಯಾಮ್ ಆಯ್ಕೆ ಮಾಡಿ ಹಾಗೆಯೇ ಬಿಟ್ಟವರ ಕ್ಯಾಮೆರಾಗಳನ್ನು ನಾನೇ ಒಂದೆರಡು ಸಲ ಸರಿಮಾಡಿದ್ದೇನೆ. ಕೊನೆಯದಾಗಿ, ಒಂದು ಕಿಂಡಿಯನ್ನು ಹಲವಾಗಿಸುವ ಹಬ್ ಬಳಸುತ್ತಿದ್ದರೆ ಅದನ್ನು ತೆಗೆದು ನೇರವಾಗಿ ಕಂಪ್ಯೂಟರಿನ ಕಿಂಡಿಗೇ ಸಿಕ್ಕಿಸಿ. ಇಷ್ಟಾದ ಮೇಲೂ ಕಾಣದಿದ್ದರೆ ಜಗಳವಾಡುತ್ತ ಕೂರದೆ ಕಾರ್ಡ್ ರೀಡರ್ ಕೊಳ್ಳಿ.

ಕ್ಯಾಮೆರಾ ಕಾಣುತ್ತದೆ, ಆದರೆ ಪೆನ್ ಡ್ರೈವಿನಂತೆ ಡ್ರೈವ್ ಅಕ್ಷರ ಬರುವುದಿಲ್ಲ. ಯಾಕೆ?

ಕ್ಯಾಮೆರಾ ತನ್ನನ್ನು ಡಿಸ್ಕ್ ಎಂದು ಪರಿಚಯಿಸಿಕೊಳ್ಳದೆ ಕ್ಯಾಮೆರಾ ಎಂದೇ ಪರಿಚಯಿಸಿಕೊಳ್ಳುತ್ತಿದೆ. ಇದಕ್ಕಾಗಿ ಪಿಟಿಪಿ ಎಂಬ ಸಂವಹನ ಕ್ರಮವಿದೆ, ಅದು ಐಎಸ್‌ಒ 15740 ಎಂಬ ಅಂತರರಾಷ್ಟ್ರೀಯ ಮಾನಕವೂ ಹೌದು. ಇಲ್ಲಿ ಕಂಪ್ಯೂಟರು ಕಾರ್ಡನ್ನು ನೇರವಾಗಿ ಓದುವುದಿಲ್ಲ. ಯಾವ ಯಾವ ಚಿತ್ರಗಳಿವೆ ಎಂದು ಕ್ಯಾಮೆರಾವನ್ನು ಕೇಳಿ, ಒಂದೊಂದನ್ನಾಗಿ ಅದರ ಕೈಯಿಂದಲೇ ಇಸಿದುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಕ್ಯಾಮೆರಾದ ಚಿಹ್ನೆಯನ್ನು ತೆರೆದು ಒಳಗಿನ ಫೋಲ್ಡರುಗಳಿಗೆ ಹೋಗಬಹುದು ಅಥವಾ ಫೋಟೋಸ್ ತಂತ್ರಾಂಶದ ಆಮದು ಆಯ್ಕೆಯನ್ನು ಬಳಸಬಹುದು. ಮ್ಯಾಕ್‌ನಲ್ಲಿ ಫೈಂಡರಿನಲ್ಲಿ ಹುಡುಕಿ ಸುಸ್ತಾಗಬೇಡಿ, ಅದರ ಜೊತೆಗೇ ಬರುವ ಇಮೇಜ್ ಕ್ಯಾಪ್ಚರ್ ತಂತ್ರಾಂಶವನ್ನು ತೆರೆಯಿರಿ. ಲಿನಕ್ಸ್ ಬಳಸುವವರಿಗೆ ಶಾಟ್‌ವೆಲ್, ಡಿಜಿಕ್ಯಾಮ್ ಎರಡೂ ಈ ಕೆಲಸವನ್ನು ಚೆನ್ನಾಗಿ ಮಾಡುತ್ತವೆ.

ಕಾರ್ಡಿನಲ್ಲಿ ಚಿತ್ರಗಳು ಯಾವ ಫೋಲ್ಡರಿನಲ್ಲಿರುತ್ತವೆ? ಡಿಸಿಐಎಂ ಅಂದರೆ ಏನು?

ಡಿಜಿಟಲ್ ಕ್ಯಾಮೆರಾ ಇಮೇಜಸ್ ಎಂಬುದರ ಸಂಕ್ಷಿಪ್ತ ರೂಪ ಅದು. ಯಾವ ಕಂಪನಿಯ ಕ್ಯಾಮೆರಾವಾದರೂ ಚಿತ್ರಗಳನ್ನು ಒಂದೇ ರೀತಿಯ ಜಾಗದಲ್ಲಿಡಲಿ ಎಂದು ಜಪಾನಿನ ತಯಾರಕರು 1998ರಲ್ಲಿ ಡಿಸಿಎಫ್ ಎಂಬ ನಿಯಮಾವಳಿಯನ್ನು ಮಾಡಿಕೊಂಡರು. ಅದರ ಪ್ರಕಾರ ಡಿಸಿಐಎಂ ಒಳಗಿನ ಪ್ರತಿ ಫೋಲ್ಡರಿನ ಹೆಸರು 100ರಿಂದ 999ರವರೆಗಿನ ಒಂದು ಸಂಖ್ಯೆಯಿಂದ ಶುರುವಾಗಿ ಐದು ಅಕ್ಷರಗಳಲ್ಲಿ ಮುಗಿಯಬೇಕು. ಕ್ಯಾನನ್ ಕ್ಯಾಮೆರಾದಲ್ಲಿ ‘100ಕ್ಯಾನನ್’ ಎಂಬ ಫೋಲ್ಡರ್ ಕಾಣುವುದು ಅದಕ್ಕೇ. ಕಡತದ ಹೆಸರಿಗೆ ನಾಲ್ಕು ಅಕ್ಷರ, ನಾಲ್ಕು ಅಂಕಿ. ನಿಮ್ಮ ಕಡತಗಳ ಹೆಸರು ಅಡಿಗೆರೆಯಿಂದ (_) ಶುರುವಾಗುತ್ತಿದ್ದರೆ ಕ್ಯಾಮೆರಾದಲ್ಲಿ ಬಣ್ಣದ ಆಯ್ಕೆ ಅಡೋಬಿ ಆರ್‌ಜಿಬಿ ಆಗಿದೆ ಎಂದರ್ಥ. ಬೇಕೆಂದೇ ಹಾಗೆ ಇಟ್ಟುಕೊಂಡಿಲ್ಲವಾದರೆ ಎಸ್‌ಆರ್‌ಜಿಬಿಗೆ ಬದಲಿಸಿ.

ಇಲ್ಲೊಂದು ಗುಂಡಿ ಇದೆ, ಅದರಲ್ಲಿ ಬಿದ್ದವರನ್ನು ಕಂಡಿದ್ದೇನೆ. ಎಲ್ಲ ಕ್ಯಾಮೆರಾಗಳೂ ವಿಡಿಯೊಗಳನ್ನು ಡಿಸಿಐಎಂ ಒಳಗೇ ಇಡುವುದಿಲ್ಲ. ಸೋನಿಯ ಬಹುಪಾಲು ಕ್ಯಾಮೆರಾಗಳಲ್ಲಿ ವಿಡಿಯೊಗಳು ‘ಪ್ರೈವೇಟ್’ ಎಂಬ ಬೇರೆಯೇ ಫೋಲ್ಡರಿನೊಳಗೆ, ‘ಎಂ4ರೂಟ್’ ಎಂಬುದರೊಳಗೆ, ಮತ್ತೂ ಒಳಗೆ ‘ಕ್ಲಿಪ್’ ಎಂಬಲ್ಲಿ ಇರುತ್ತವೆ. ಎವಿಸಿಎಚ್‌ಡಿ ಎಂಬ ಹಳೆಯ ಬಗೆಯ ವಿಡಿಯೊಗಳೂ ಅದೇ ಪ್ರೈವೇಟ್ ಫೋಲ್ಡರಿನಲ್ಲಿ ನಾಲ್ಕು ಮೆಟ್ಟಿಲು ಕೆಳಗೆ ಅಡಗಿರುತ್ತವೆ. ಡಿಸಿಐಎಂ ಒಂದನ್ನೇ ನಕಲು ಮಾಡಿಕೊಂಡು ಕಾರ್ಡನ್ನು ಫಾರ್ಮ್ಯಾಟ್ ಮಾಡಿದರೆ ಚಿತ್ರಗಳು ಉಳಿದು, ಅಜ್ಜಿ ಹಾಡಿದ ಹಸೆಹಾಡಿನ ವಿಡಿಯೊ ಹೋಗುತ್ತದೆ. ಆದ್ದರಿಂದ ಯಾವ ಫೋಲ್ಡರಿನಲ್ಲಿ ಏನಿದೆ ಎಂದು ಜಾಣತನ ತೋರಲು ಹೋಗದೆ, ಇಡೀ ಕಾರ್ಡಿನಲ್ಲಿರುವುದೆಲ್ಲವನ್ನೂ ಒಂದು ಹೊಸ ಫೋಲ್ಡರಿಗೆ ನಕಲು ಮಾಡಿಕೊಂಡು ವಿಂಗಡಣೆಯನ್ನು ನಿಧಾನವಾಗಿ ಮಾಡಿಕೊಳ್ಳಿ.

‘ಇದೇ ಹೆಸರಿನ ಕಡತ ಈಗಾಗಲೇ ಇದೆ, ಬದಲಿಸಬೇಕೆ’ ಎಂದು ಕೇಳುತ್ತದೆ. ಹೌದು ಅನ್ನಬಹುದೇ?

ಬೇಡ. ಹೆಸರು ಒಂದೇ ಇದ್ದರೂ ಚಿತ್ರ ಬೇರೆ ಇರಬಹುದು. ಮೇಲೆ ಹೇಳಿದ ನಾಲ್ಕು ಅಂಕಿಯ ಲೆಕ್ಕ 9999ಕ್ಕೆ ಮುಗಿದು ಮತ್ತೆ 0001ರಿಂದ ಶುರುವಾಗುತ್ತದೆ. ಹಕ್ಕಿಗಳ ಹಿಂದೆ ಬಿದ್ದವರಿಗೆ ಹತ್ತು ಸಾವಿರ ಚಿತ್ರವೆಂದರೆ ಕೆಲವು ತಿಂಗಳ ಮಾತು. ಕಾರ್ಡ್ ಬದಲಿಸಿದಾಗಲೆಲ್ಲ ಎಣಿಕೆ ಮೊದಲಿನಿಂದ ಶುರುವಾಗುವಂತೆ ಕ್ಯಾಮೆರಾವನ್ನು ಇಟ್ಟುಕೊಂಡಿದ್ದರಂತೂ ಪ್ರತಿ ಸಮಾರಂಭಕ್ಕೂ ಒಂದೊಂದು 0001 ಹುಟ್ಟುತ್ತದೆ. ಎಲ್ಲವನ್ನೂ ‘ಫೋಟೋಸ್’ ಎಂಬ ಒಂದೇ ಫೋಲ್ಡರಿಗೆ ಸುರಿಯುತ್ತ, ಕೇಳಿದಾಗಲೆಲ್ಲ ಹೌದು ಒತ್ತಿದವರ ಕಂಪ್ಯೂಟರಿನಲ್ಲಿ ಈ ವರ್ಷದ ಪಾನಿಪೂರಿ ಗಾಡಿ ಹೋದ ವರ್ಷದ ಗೃಹಪ್ರವೇಶವನ್ನು ನುಂಗಿರುತ್ತದೆ.

ಮೆನುವಿನಲ್ಲಿ ಕಡತಗಳ ಎಣಿಕೆಯನ್ನು ‘ಮುಂದುವರಿಕೆ’ಗೆ ಹಾಕಿ. ಪ್ರತಿ ಸಲ ಇಳಿಸಿಕೊಳ್ಳುವಾಗಲೂ ಹೊಸ ಫೋಲ್ಡರ್ ಮಾಡಿ, ಅದರ ಹೆಸರಿನಲ್ಲಿ ವರ್ಷವನ್ನು ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ ಬರೆಯಿರಿ: ‘2024-10-12 ಜಂಬೂ ಸವಾರಿ’ ಎಂಬ ಹಾಗೆ. ನಮ್ಮ ವಾಡಿಕೆಯಂತೆ ದಿನವನ್ನು ಮೊದಲು ಬರೆದರೆ ಎಲ್ಲ ತಿಂಗಳುಗಳ 12ನೇ ತಾರೀಖೂ ಒಟ್ಟಿಗೆ ಗುಂಪುಗೂಡುತ್ತವೆ, ವರ್ಷ ಮೊದಲಿದ್ದರೆ ಫೋಲ್ಡರುಗಳು ತಾವಾಗಿಯೇ ಕಾಲಕ್ರಮದಲ್ಲಿ ಸಾಲುಗಟ್ಟುತ್ತವೆ.

ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಡಬಹುದೇ?

ಧಾರಾಳವಾಗಿ ಇಡಬಹುದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಯುನಿಕೋಡ್ ಕನ್ನಡವನ್ನು ಒಪ್ಪುತ್ತವೆ. ನುಡಿ ಅಥವಾ ಬರಹ ತಂತ್ರಾಂಶದ, ಯುನಿಕೋಡ್ ಅಲ್ಲದ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪಿಸಿದರೆ ಮಾತ್ರ ಅರ್ಥವಾಗದ ಅಕ್ಷರಗಳ ಗೊಂಚಲು ಕಾಣುತ್ತದೆ. ಆದರೆ ಕಾರ್ಡಿನಲ್ಲಿರುವ ಫೋಲ್ಡರುಗಳ ಹೆಸರನ್ನು ಬದಲಿಸಬೇಡಿ, ಡಿಸಿಎಫ್ ನಿಯಮಕ್ಕೆ ಹೊಂದದ ಹೆಸರು ಕಂಡರೆ ಕ್ಯಾಮೆರಾ ಆ ಚಿತ್ರಗಳನ್ನು ತನ್ನ ಪರದೆಯಲ್ಲಿ ತೋರಿಸುವುದಿಲ್ಲ.

ಕಾಪಿ ಮಾಡಬೇಕೋ, ಕಟ್ ಮಾಡಿದರೂ ನಡೆಯುತ್ತದೋ?

ಕಾಪಿಯನ್ನೇ ಮಾಡಬೇಕು. ಕಟ್ ಮಾಡಿದರೆ ಒಂದೇ ಸಲಕ್ಕೆ ಕಾರ್ಡೂ ಖಾಲಿಯಾಗುತ್ತದಲ್ಲ ಎಂಬ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇತ್ತು. ಅಕ್ಕನ ಮಗಳ ನಾಮಕರಣದ ಚಿತ್ರಗಳನ್ನು ಕಟ್ ಮಾಡಿ ಪೇಸ್ಟ್ ಮಾಡುತ್ತಿದ್ದಾಗ ಕರೆಂಟು ಹೋಯಿತು. ಮೇಜಿನ ಮೇಲಿನ ಕಂಪ್ಯೂಟರು, ಅದರ ಯುಪಿಎಸ್ಸಿನ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು. ಕರೆಂಟು ಬಂದ ಮೇಲೆ ನೋಡಿದರೆ ಒಂಬತ್ತು ಚಿತ್ರಗಳು ಕಾರ್ಡಿನಿಂದ ಮಾಯವಾಗಿದ್ದವು. ಡಿಸ್ಕಿನಲ್ಲಿ ಅವುಗಳ ಹೆಸರಿತ್ತು, ಗಾತ್ರವೂ ಸರಿಯಿತ್ತು, ತೆರೆದರೆ ಒಂದೂ ತೆರೆಯಲಿಲ್ಲ.

ಹೀಗಾಗುವುದಕ್ಕೆ ಕಾರಣ ಸರಳ. ಕಂಪ್ಯೂಟರು ವೇಗಕ್ಕಾಗಿ ಕಡತಗಳನ್ನು ಮೊದಲು ತನ್ನ ತಾತ್ಕಾಲಿಕ ಸ್ಮೃತಿಯಲ್ಲಿ ಇಟ್ಟುಕೊಂಡು, ಬಿಡುವಾದಂತೆ ಡಿಸ್ಕಿಗೆ ಬರೆಯುತ್ತದೆ. ಸ್ಮೃತಿಗೆ ಬಂದದ್ದನ್ನೇ ‘ಮುಗಿಯಿತು’ ಎಂದು ಲೆಕ್ಕ ಹಾಕಿ ಕಾರ್ಡಿನಲ್ಲಿರುವ ಮೂಲವನ್ನು ಅಳಿಸಿಬಿಟ್ಟ ಆ ಕೆಲವು ಕ್ಷಣಗಳಲ್ಲಿ ವಿದ್ಯುತ್ ಹೋದರೆ, ಕಡತ ಎರಡೂ ಕಡೆ ಇರುವುದಿಲ್ಲ. ಕಾಪಿ ಮಾಡುವಾಗ ಕರೆಂಟು ಹತ್ತು ಸಲ ಹೋದರೂ ಮೂಲ ಕಾರ್ಡಿನಲ್ಲೇ ಇರುತ್ತದೆ, ಮತ್ತೆ ಮೊದಲಿನಿಂದ ಮಾಡಿದರಾಯಿತು. ಆಮದು ಮಾಡುವ ತಂತ್ರಾಂಶಗಳಲ್ಲಿ ‘ಇಳಿಸಿಕೊಂಡ ಮೇಲೆ ಕಾರ್ಡಿನಿಂದ ಅಳಿಸು’ ಎಂಬ ಗುರುತು ಇದ್ದರೆ ಅದನ್ನೂ ಇದೇ ಕಾರಣಕ್ಕೆ ತೆಗೆದುಬಿಡಿ.

ಎಲ್ಲ ಸರಿಯಾಗಿ ಬಂದಿವೆ ಎಂದು ತಿಳಿಯುವುದು ಹೇಗೆ?

ಕಾರ್ಡಿನ ಮತ್ತು ಕಂಪ್ಯೂಟರಿನ ಫೋಲ್ಡರುಗಳ ಗುಣಲಕ್ಷಣಗಳನ್ನು ತೆರೆದು ಕಡತಗಳ ಸಂಖ್ಯೆಯನ್ನೂ ಒಟ್ಟು ಗಾತ್ರವನ್ನು ಬೈಟುಗಳಲ್ಲೂ ಹೋಲಿಸಿ. ಎರಡೂ ಒಂದೇ ಇರಬೇಕು. ಆಮೇಲೆ ಕಂಪ್ಯೂಟರಿನ ನಕಲಿನಿಂದ ಹತ್ತಿಪ್ಪತ್ತು ಚಿತ್ರಗಳನ್ನು, ಮುಖ್ಯವಾಗಿ ಕೊನೆಯ ಕೆಲವನ್ನು, ಪೂರ್ಣವಾಗಿ ತೆರೆದು ನೋಡಿ. ಸಾಲಾಗಿ ಕಾಣುವ ಚಿಕ್ಕ ಚಿತ್ರಗಳನ್ನು ನೋಡಿ ಸಮಾಧಾನಪಡಬೇಡಿ. ಕ್ಯಾಮೆರಾ ಪ್ರತಿ ಜೆಪೆಗ್ ಕಡತದ ತಲೆಭಾಗದಲ್ಲಿ ಒಂದು ಪುಟ್ಟ ಮುನ್ನೋಟದ ಚಿತ್ರವನ್ನು ಬೇರೆಯಾಗಿ ಇಟ್ಟಿರುತ್ತದೆ. ಕಡತದ ಉಳಿದ ಭಾಗ ಹಾಳಾಗಿದ್ದರೂ ಈ ಪುಟ್ಟ ಚಿತ್ರ ನಗುತ್ತಲೇ ಇರುತ್ತದೆ, ದೊಡ್ಡದಾಗಿ ತೆರೆದಾಗಲೇ ವಧುವರರ ಮುಖದಿಂದ ಕೆಳಗೆ ಬೂದು ಬಣ್ಣದ ಪಟ್ಟಿ ಕಾಣುವುದು. ದುಡ್ಡು ತೆಗೆದುಕೊಂಡು ಚಿತ್ರ ತೆಗೆಯುವವರು ಟೆರಾಕಾಪಿಯಂಥ, ನಕಲು ಮಾಡಿದ ಮೇಲೆ ಎರಡೂ ಕಡತಗಳನ್ನು ಮತ್ತೆ ಓದಿ ತಾಳೆ ನೋಡುವ ತಂತ್ರಾಂಶವನ್ನು ಬಳಸುವುದು ಒಳ್ಳೆಯದು.

ಕಾರ್ಡನ್ನು ಯಾವಾಗ, ಎಲ್ಲಿ ಖಾಲಿ ಮಾಡಬೇಕು?

ಯಾವಾಗ ಎಂದರೆ, ಕಂಪ್ಯೂಟರಿನ ನಕಲನ್ನು ತಾಳೆ ನೋಡಿ, ಅದರ ಇನ್ನೊಂದು ನಕಲು ಹೊರಗಿನ ಹಾರ್ಡ್ ಡಿಸ್ಕಿಗೆ ಹೋದ ಮೇಲೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ ಎಂಬ ಲೆಕ್ಕವನ್ನು ಛಾಯಾಗ್ರಾಹಕ ಪೀಟರ್ ಕ್ರೋಗ್ ಬಳಕೆಗೆ ತಂದರು. ಹೊರಗಿನ ಪ್ರತಿಗೆ ಊರಿನಲ್ಲಿರುವ ಅಣ್ಣನ ಮನೆಯ ಬೀರು ಆದೀತು, ಕ್ಲೌಡ್ ಕೂಡ ಆದೀತು.

ಎಲ್ಲಿ ಎಂದರೆ, ಕ್ಯಾಮೆರಾದಲ್ಲಿಯೇ. ಕಂಪ್ಯೂಟರಿನಲ್ಲಿ ಒಂದೊಂದಾಗಿ ಅಳಿಸುವುದಕ್ಕಿಂತ ಕ್ಯಾಮೆರಾದ ಮೆನುವಿನಿಂದ ಫಾರ್ಮ್ಯಾಟ್ ಮಾಡಿದರೆ ಕ್ಯಾಮೆರಾ ತನಗೆ ಬೇಕಾದ ಫೋಲ್ಡರುಗಳನ್ನು ತನಗೆ ಬೇಕಾದಂತೆ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಮ್ಯಾಕ್‌ನಲ್ಲಿ ಅಳಿಸಿದಾಗ ಇನ್ನೊಂದು ತೊಂದರೆಯುಂಟು: ಅಳಿಸಿದ ಕಡತಗಳು ಕಾರ್ಡಿನೊಳಗಿನ ಅಡಗಿದ ಕಸದ ಬುಟ್ಟಿಗೆ ಹೋಗಿ ಕುಳಿತಿರುತ್ತವೆ, ಟ್ರ್ಯಾಶ್ ಖಾಲಿ ಮಾಡುವವರೆಗೆ ಜಾಗ ಬಿಡುಗಡೆಯಾಗುವುದಿಲ್ಲ.

ವರ್ಗಾವಣೆ ಬಹಳ ನಿಧಾನ. ಕಾರ್ಡ್ ಕೆಟ್ಟಿದೆಯೇ?

ಬಹುಶಃ ಇಲ್ಲ, ಲೆಕ್ಕ ಹಾಕಿ ನೋಡೋಣ. 25 ಎಂಬಿಯ ಒಂದು ಸಾವಿರ ರಾ ಕಡತಗಳೆಂದರೆ (ಕ್ಯಾಮೆರಾ ಸಂಸ್ಕರಿಸದೆ ಇಡುವ ಕಚ್ಚಾ ಚಿತ್ರಗಳು) 25 ಜಿಬಿ. ಯುಎಸ್‌ಬಿ 2.0 ಕಿಂಡಿಯ ಕಾಗದದ ಮೇಲಿನ ವೇಗ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಎಂಬಿ. ಕೈಗೆ ಸಿಗುವುದು 35ರ ಆಸುಪಾಸು. ಆ ಲೆಕ್ಕದಲ್ಲಿ ಸುಮಾರು 12 ನಿಮಿಷ ಬೇಕು. ಅದೇ ಕಾರ್ಡನ್ನು ಯುಎಸ್‌ಬಿ 3.0 ರೀಡರಿನಲ್ಲಿ ಹಾಕಿ, ಸೆಕೆಂಡಿಗೆ 90 ಎಂಬಿ ಸಿಕ್ಕರೆ ಐದು ನಿಮಿಷದೊಳಗೆ ಮುಗಿಯುತ್ತದೆ. ರೀಡರ್ ಹೊಸದಾಗಿದ್ದರೂ ಅದನ್ನು ಹಳೆಯ ಕಿಂಡಿಗೆ ಸಿಕ್ಕಿಸಿದರೆ ಹಳೆಯ ವೇಗವೇ. 3.0 ಕಿಂಡಿಯ ಒಳಗಿನ ನಾಲಿಗೆ ಸಾಮಾನ್ಯವಾಗಿ ನೀಲಿ ಬಣ್ಣದ್ದಿರುತ್ತದೆ, ಎಲ್ಲ ತಯಾರಕರೂ ಈ ಪದ್ಧತಿ ಪಾಲಿಸುವುದಿಲ್ಲವಾದರೂ ಹುಡುಕುವುದಕ್ಕೆ ಅದೊಂದು ಗುರುತು.

ಕಾರ್ಡಿನ ಬೆನ್ನು ತಿರುಗಿಸಿ ನೋಡಿ. ಚಿನ್ನದ ಬಣ್ಣದ ಸಂಪರ್ಕ ಪಟ್ಟಿಗಳು ಒಂದೇ ಸಾಲಿದ್ದರೆ ಅದರ ವೇಗದ ದರ್ಜೆ ಹೆಚ್ಚೆಂದರೆ ಯುಎಚ್‌ಎಸ್-1, ಅದರ ಮಿತಿ ಸೆಕೆಂಡಿಗೆ 104 ಎಂಬಿ. ಎರಡು ಸಾಲಿದ್ದರೆ ಯುಎಚ್‌ಎಸ್-2, ಮಿತಿ 312 ಎಂಬಿ. ಎರಡನೆಯ ಸಾಲನ್ನು ಮುಟ್ಟುವ ಪಿನ್ನುಗಳು ರೀಡರಿನಲ್ಲೂ ಇದ್ದರೆ ಮಾತ್ರ ಆ ವೇಗ ಸಿಗುತ್ತದೆ, ಇಲ್ಲವಾದರೆ ದುಬಾರಿ ಕಾರ್ಡೂ ಅಗ್ಗದ ಕಾರ್ಡಿನಂತೆಯೇ ತೆವಳುತ್ತದೆ. ಕಾರ್ಡಿನ ಮುಖದ ಮೇಲೆ ದಪ್ಪಕ್ಷರದಲ್ಲಿರುವ ಸಂಖ್ಯೆ ಓದುವ ವೇಗದ್ದು. ‘ವಿ30’ ಎಂಬ ಚಿಕ್ಕ ಗುರುತು, ಬರೆಯುವಾಗ ಸೆಕೆಂಡಿಗೆ 30 ಎಂಬಿಗಿಂತ ಕೆಳಗಿಳಿಯುವುದಿಲ್ಲ ಎಂಬ ಭರವಸೆ. ವಿಡಿಯೊ ತೆಗೆಯುವವರಿಗೆ ಬೇಕಾದದ್ದು ಈ ಎರಡನೆಯದು.

‘ಬಳಸುವ ಮೊದಲು ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂಬ ಸಂದೇಶ ಬರುತ್ತಿದೆ. ಒಪ್ಪಬಹುದೇ?

ಕೈ ಹಿಂದಕ್ಕೆ ತೆಗೆದುಕೊಳ್ಳಿ. ಕಂಪ್ಯೂಟರು ಹೇಳುತ್ತಿರುವುದು ‘ಇದು ನನಗೆ ಓದಲು ಬರುತ್ತಿಲ್ಲ’ ಎಂದಷ್ಟೇ. ಕಾರ್ಡನ್ನು ಮರಳಿ ಕ್ಯಾಮೆರಾಕ್ಕೆ ಹಾಕಿ ನೋಡಿ, ಚಿತ್ರಗಳು ಕಂಡರೆ ಕಾರ್ಡು ಸರಿಯಿದೆ, ದೋಷ ರೀಡರಿನದು ಅಥವಾ ಕಂಪ್ಯೂಟರಿನದು. 2006ರಲ್ಲಿ ಬಂದ ಎಸ್‌ಡಿಎಚ್‌ಸಿ ಕಾರ್ಡುಗಳು 32 ಜಿಬಿವರೆಗಿನವು, 2009ರಲ್ಲಿ ಬಂದ ಎಸ್‌ಡಿಎಕ್ಸ್‌ಸಿ ಅದಕ್ಕಿಂತ ಮೇಲಿನವು. ಎರಡೂ ನೋಡಲು ಒಂದೇ ಥರ ಇರುವುದರಿಂದ ಹದಿನೈದು ವರ್ಷ ಹಳೆಯ ಲ್ಯಾಪ್‌ಟಾಪಿನ ಕಿಂಡಿಗೆ ಇಂದಿನ 64 ಜಿಬಿ ಕಾರ್ಡು ಸಲೀಸಾಗಿ ಹೋಗುತ್ತದೆ, ಆದರೆ ಓದಿಸಿಕೊಳ್ಳದಿರಬಹುದು. ಕಡತಗಳನ್ನು ಜೋಡಿಸಿಡಲು ದೊಡ್ಡ ಕಾರ್ಡುಗಳು ಬಳಸುವ ಎಕ್ಸ್‌ಫ್ಯಾಟ್ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ 2019ರಲ್ಲಷ್ಟೇ ಮುಕ್ತವಾಗಿ ಪ್ರಕಟಿಸಿತು. ಅದೇ ವರ್ಷ ಲಿನಕ್ಸ್ 5.4ರಲ್ಲಿ ಅದಕ್ಕೆ ಬೆಂಬಲ ಸೇರಿತು. ಅದಕ್ಕೂ ಹಳೆಯ ಲಿನಕ್ಸ್ ಇದ್ದರೆ ಬೇರೆ ಪ್ಯಾಕೇಜು ಹಾಕಿಕೊಳ್ಳಬೇಕು.

ಕ್ಯಾಮೆರಾದಲ್ಲೂ ಕಾಣದಿದ್ದರೆ ಕಾರ್ಡಿನ ಸಂಪರ್ಕ ಪಟ್ಟಿಗಳನ್ನು ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಿ ಇನ್ನೊಮ್ಮೆ ಪ್ರಯತ್ನಿಸಿ. ಅದಕ್ಕೂ ಬಗ್ಗದಿದ್ದರೆ ಮುಂದಿನ ಉತ್ತರ ನಿಮಗಾಗಿ.

ಚಿತ್ರಗಳನ್ನು ತಪ್ಪಿ ಅಳಿಸಿಬಿಟ್ಟೆ. ಮರಳಿ ಸಿಗುತ್ತವೆಯೇ?

ಈ ಕ್ಷಣದಿಂದ ಆ ಕಾರ್ಡಿನಲ್ಲಿ ಇನ್ನೊಂದು ಚಿತ್ರವನ್ನೂ ತೆಗೆಯದಿದ್ದರೆ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಅಳಿಸಿದಾಗ ಸಾಮಾನ್ಯವಾಗಿ ಕಡತದ ಹೆಸರಿನ ನಮೂದು ಹೋಗಿ ‘ಈ ಜಾಗ ಖಾಲಿ’ ಎಂಬ ಗುರುತು ಬೀಳುತ್ತದೆ, ಚಿತ್ರದ ಮಾಹಿತಿ ಅಲ್ಲೇ ಇರುತ್ತದೆ. ಅದರ ಮೇಲೆ ಹೊಸ ಚಿತ್ರ ಬಿದ್ದಾಗ ಮಾತ್ರ ಅದು ನಿಜವಾಗಿ ಅಳಿಯುವುದು. ಬೇಗನೆ ಮುಗಿಯುವ ಸಾಮಾನ್ಯ ಫಾರ್ಮ್ಯಾಟಿನ ನಂತರವೂ ಎಷ್ಟೋ ಸಲ ಇದೇ ಸ್ಥಿತಿ. ಕ್ಯಾಮೆರಾದಲ್ಲಿ ‘ಲೋ ಲೆವೆಲ್’ ಎಂಬ, ಇಡೀ ಕಾರ್ಡನ್ನು ಒರೆಸಿಹಾಕುವ ಗುರುತು ಹಾಕಿ ಫಾರ್ಮ್ಯಾಟ್ ಮಾಡಿದ್ದರೆ ಆಸೆ ಬಿಡಬೇಕು.

ಕಾರ್ಡನ್ನು ರೀಡರಿನಲ್ಲಿ ಹಾಕಿ ಫೋಟೊರೆಕ್ ಎಂಬ ಉಚಿತ ತಂತ್ರಾಂಶದಿಂದ ಹುಡುಕಿಸಿ. ಕೇಬಲಿನಲ್ಲಿ ಕ್ಯಾಮೆರಾ ಪಿಟಿಪಿ ಮೂಲಕ ಮಾತನಾಡುತ್ತಿದ್ದರೆ ಇದು ಆಗುವುದಿಲ್ಲ, ಯಾಕೆಂದರೆ ಕಡತದ ಹೆಸರಿಲ್ಲದ ಜಾಗವನ್ನು ಓದಲು ಕ್ಯಾಮೆರಾ ಬಿಡುವುದಿಲ್ಲ. ಫೋಟೊರೆಕ್ ಕಡತಗಳನ್ನು ಹೆಸರಿನಿಂದ ಹುಡುಕದೆ, ಜೆಪೆಗ್ ಅಥವಾ ರಾ ಕಡತದ ಶುರುವಿನಲ್ಲಿರುವ ವಿಶಿಷ್ಟ ಗುರುತಿನಿಂದ ಪತ್ತೆ ಮಾಡುತ್ತದೆ. ಆದ್ದರಿಂದ ಚಿತ್ರ ಸಿಗುತ್ತದೆ, ಹಳೆಯ ಹೆಸರು ಸಿಗುವುದಿಲ್ಲ. ತುಂಡು ತುಂಡಾಗಿ ಬೇರೆ ಬೇರೆ ಕಡೆ ಬರೆಯಲ್ಪಟ್ಟ ವಿಡಿಯೊಗಳು ಪೂರ್ತಿಯಾಗಿ ಸಿಗುವುದು ಕಡಿಮೆ. ಸಿಕ್ಕಿದ್ದನ್ನು ಕಂಪ್ಯೂಟರಿನ ಡಿಸ್ಕಿಗೇ ಬರೆಸಬೇಕು. ಅದೇ ಕಾರ್ಡಿಗೆ ಬರೆಸಿದರೆ ಇನ್ನೂ ಸಿಗಬೇಕಾದವುಗಳ ಮೇಲೆ ನೀವೇ ಮಣ್ಣೆಳೆದಂತಾಗುತ್ತದೆ.

ಪ್ರಿಂಟ್ ಹಾಕಿಸಲು ಅಂಗಡಿಗೆ ಕಾರ್ಡ್ ಕೊಡಬಹುದೇ?

ಕೊಡದಿರುವುದು ಮೇಲು, ಬೇಕಾದ ಚಿತ್ರಗಳನ್ನಷ್ಟೇ ಪೆನ್ ಡ್ರೈವಿಗೆ ಹಾಕಿ ಕೊಡಿ. ನಾನೊಮ್ಮೆ ಕಾರ್ಡನ್ನೇ ಕೊಟ್ಟು, ಮರಳಿ ತಂದು ನೋಡಿದಾಗ ಎಲ್ಲ ಫೋಲ್ಡರುಗಳ ಜಾಗದಲ್ಲಿ ಒಂದೊಂದು ಶಾರ್ಟ್‌ಕಟ್ ಕುಳಿತಿತ್ತು. ಅಂಗಡಿಯ ಕಂಪ್ಯೂಟರಿನಲ್ಲಿದ್ದ ವೈರಸ್ ನಿಜವಾದ ಫೋಲ್ಡರುಗಳನ್ನು ಅಡಗಿಸಿ ತನ್ನ ವೇಷವನ್ನು ಮುಂದೆ ನಿಲ್ಲಿಸಿತ್ತು. ಹಾಗಾದಾಗ ಆ ಶಾರ್ಟ್‌ಕಟ್ಟುಗಳನ್ನು ಒತ್ತಬೇಡಿ. ವಿಂಡೋಸ್‌ನ ಫೋಲ್ಡರ್ ಆಯ್ಕೆಗಳಲ್ಲಿ ಅಡಗಿದ ಕಡತಗಳನ್ನೂ ವ್ಯವಸ್ಥೆಯ ರಕ್ಷಿತ ಕಡತಗಳನ್ನೂ ತೋರಿಸುವಂತೆ ಮಾಡಿದರೆ ಮೂಲ ಫೋಲ್ಡರುಗಳು ಮಸುಕಾಗಿ ಕಾಣಿಸುತ್ತವೆ. ಅವುಗಳಿಂದ ಚಿತ್ರಗಳನ್ನು ನಕಲು ಮಾಡಿಕೊಂಡು ಕಾರ್ಡನ್ನು ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿ.

ಕಾರ್ಡನ್ನೇ ಕೊಡಬೇಕಾಗಿ ಬಂದರೆ, ಎಸ್‌ಡಿ ಕಾರ್ಡಿನ ಎಡ ಅಂಚಿನಲ್ಲಿರುವ ಪುಟ್ಟ ಗುಂಡಿಯನ್ನು ಉಗುರಿನಿಂದ ‘ಲಾಕ್’ ಕಡೆಗೆ ಜಾರಿಸಿ ಕೊಡಿ. ಇದು ಬೀಗವೇನಲ್ಲ, ಹಳೆಯ ಕ್ಯಾಸೆಟ್ಟಿನ ಹಿಂದೆ ಮುರಿಯುತ್ತಿದ್ದ ಪ್ಲಾಸ್ಟಿಕ್ ಚೂರಿನಂತೆ. ಅದನ್ನು ನೋಡಿ ‘ಬರೆಯಬಾರದು’ ಎಂದು ತಿಳಿದುಕೊಳ್ಳುವುದು ರೀಡರು. ಮರಳಿ ಬಂದ ಮೇಲೆ ಮತ್ತೆ ಜಾರಿಸಲು ಮರೆತರೆ ಕ್ಯಾಮೆರಾ ಚಿತ್ರ ತೆಗೆಯಲು ಒಪ್ಪುವುದಿಲ್ಲ, ಕಾರ್ಡು ಕೆಟ್ಟಿತೆಂದು ಹೊಸದನ್ನು ಕೊಂಡವರಿದ್ದಾರೆ.

ರಾ ಕಡತಗಳು ಇಳಿದವು, ಆದರೆ ತೆರೆಯುತ್ತಿಲ್ಲ.

ಕ್ಯಾನನ್, ನಿಕಾನ್, ಸೋನಿ ಒಬ್ಬೊಬ್ಬರ ರಾ ಕಡತವೂ ಬೇರೆ ಬಗೆಯದು. ಹೊಸ ಮಾದರಿಯ ಕ್ಯಾಮೆರಾದ ಕಡತವನ್ನು ಹಳೆಯ ತಂತ್ರಾಂಶ ಗುರುತಿಸುವುದಿಲ್ಲ. ವಿಂಡೋಸ್‌ನವರು ಮೈಕ್ರೋಸಾಫ್ಟ್ ಸ್ಟೋರಿನಿಂದ ರಾ ಇಮೇಜ್ ಎಕ್ಸ್‌ಟೆನ್ಶನ್ ಹಾಕಿಕೊಳ್ಳಬಹುದು. ಕ್ಯಾನನ್‌ನವರು ಡಿಜಿಟಲ್ ಫೋಟೊ ಪ್ರೊಫೆಷನಲ್ ಎಂಬುದನ್ನೂ ನಿಕಾನ್‌ನವರು ಎನ್ಎಕ್ಸ್ ಸ್ಟುಡಿಯೊ ಎಂಬುದನ್ನೂ ಉಚಿತವಾಗಿ ಕೊಡುತ್ತಾರೆ.

ದೊಡ್ಡ ವಿಡಿಯೊ ಎರಡು ಮೂರು ತುಂಡುಗಳಾಗಿ ಬಂದಿದೆ. ಹಾಳಾಗಿದೆಯೇ?

ಹಾಳಾಗಿಲ್ಲ. 32 ಜಿಬಿವರೆಗಿನ ಕಾರ್ಡುಗಳಲ್ಲಿರುವ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ, ಆದ್ದರಿಂದ ಕ್ಯಾಮೆರಾ ತಾನೇ ಹೊಸ ಕಡತಕ್ಕೆ ಹೋಗುತ್ತದೆ. ತುಂಡುಗಳನ್ನು ಯಾವುದೇ ವಿಡಿಯೊ ಸಂಕಲನ ತಂತ್ರಾಂಶದಲ್ಲಿ ಒಂದರ ಹಿಂದೆ ಒಂದಿಟ್ಟು ಜೋಡಿಸಬಹುದು.

ವೈಫೈ ಮೂಲಕ ಕಳಿಸಿದರೆ ಸಾಲದೇ?

ಒಂದೆರಡು ಚಿತ್ರ ಮನೆಯವರಿಗೆ ತಕ್ಷಣ ಕಳಿಸಲು ಸಾಕು. ಇಡೀ ಸಮಾರಂಭವನ್ನು ಇಳಿಸಿಕೊಳ್ಳಲು ಅಲ್ಲ. ನಿಕಾನ್‌ನ ಸ್ನ್ಯಾಪ್‌ಬ್ರಿಜ್ ಫೋನಿಗೆ ತಾನಾಗಿ ಕಳಿಸುವ ಚಿತ್ರ 2 ಮೆಗಾಪಿಕ್ಸೆಲ್ಲಿನದು, ಫೋನಿನ ಪರದೆಯಲ್ಲಿ ಚೆಂದ ಕಾಣುತ್ತದೆ, ಗೋಡೆಗೆ ಹಾಕುವ ಚೌಕಟ್ಟಿಗೆ ಸಾಲದು. ಅದನ್ನೇ ಮೂಲವೆಂದು ನಂಬಿ ಕಾರ್ಡ್ ಖಾಲಿ ಮಾಡಬೇಡಿ. ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸಿದ್ದೂ ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದಂತೆ ಹೋಗುತ್ತದೆ.

ಇಳಿಸಿಕೊಂಡ ಚಿತ್ರಗಳ ದಿನಾಂಕ ತಪ್ಪಾಗಿದೆ.

ಕಂಪ್ಯೂಟರಿನ ‘ಸೃಷ್ಟಿಸಿದ ದಿನಾಂಕ’ ನೀವು ನಕಲು ಮಾಡಿದ ದಿನವನ್ನು ತೋರಿಸುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಚಿತ್ರ ತೆಗೆದ ಹೊತ್ತು ಕಡತದೊಳಗಿನ ಎಕ್ಸಿಫ್ ಮಾಹಿತಿಯಲ್ಲಿ ಇರುತ್ತದೆ. ಅದೇ ತಪ್ಪಿದ್ದರೆ ಕ್ಯಾಮೆರಾದ ಗಡಿಯಾರ ತಪ್ಪಿದೆ ಎಂದರ್ಥ. ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಗಡಿಯಾರ ಬದಲಿಸದೆ ಚಿತ್ರ ತೆಗೆದವರ ಕಡತಗಳಲ್ಲಿ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆಯ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಯ ವ್ಯತ್ಯಾಸವಿರುತ್ತದೆ, ಮಗುವಿನ ಬೆಳಗಿನ ಎಣ್ಣೆಸ್ನಾನ ಮಧ್ಯರಾತ್ರಿಗೆ ಸಮೀಪವಾಗಿ ದಾಖಲಾಗಿರುತ್ತದೆ. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಿಂದ ಒಂದೇ ಆಜ್ಞೆಯಲ್ಲಿ ಎಲ್ಲ ಚಿತ್ರಗಳ ಹೊತ್ತನ್ನೂ ಇಷ್ಟು ಗಂಟೆ ಹಿಂದಕ್ಕೆ ಅಥವಾ ಮುಂದಕ್ಕೆ ಸರಿಸಬಹುದು. ನಕಲಿನ ಮೇಲೆ ಮೊದಲು ಪ್ರಯೋಗ ಮಾಡಿ.

ಕಪಾಟಿನಲ್ಲಿ ಹದಿನೈದು ವರ್ಷದ ಹಿಂದಿನ ಪುಟ್ಟ ಕ್ಯಾಮೆರಾ ಸಿಕ್ಕಿದೆ. ಅದರಲ್ಲಿ ಚಿತ್ರಗಳಿರಬಹುದೇ?

ಇರಬಹುದು, ಅದೂ ನೀವು ನೋಡದ ಜಾಗದಲ್ಲಿ. ಆ ಕಾಲದ ಅನೇಕ ಪುಟ್ಟ ಕ್ಯಾಮೆರಾಗಳಿಗೆ ಕಾರ್ಡಿನ ಹೊರತಾಗಿ ಕೆಲವು ಹತ್ತು ಎಂಬಿಗಳ ಒಳಸ್ಮೃತಿ ಇರುತ್ತಿತ್ತು. ಕಾರ್ಡ್ ಹಾಕದೆ ತೆಗೆದ ಚಿತ್ರಗಳು ಅದರಲ್ಲಿ ಕೂರುತ್ತವೆ, ಆಮೇಲೆ ಕಾರ್ಡ್ ಹಾಕಿದರೆ ಕ್ಯಾಮೆರಾ ಕಾರ್ಡಿನದನ್ನು ಮಾತ್ರ ತೋರಿಸುತ್ತದೆ. ಬ್ಯಾಟರಿ ಚಾರ್ಜ್ ಮಾಡಿ, ಕಾರ್ಡನ್ನು ಹೊರತೆಗೆದು, ಚಿತ್ರ ನೋಡುವ ಗುಂಡಿಯನ್ನು ಒತ್ತಿ. ಒಳಸ್ಮೃತಿಯನ್ನು ಕಾರ್ಡ್ ರೀಡರಿನಿಂದ ತಲುಪಲಾಗದು. ಇಲ್ಲಿ ಕೇಬಲೇ ಗತಿ, ಇಲ್ಲವೇ ಕ್ಯಾಮೆರಾದ ಮೆನುವಿನಲ್ಲಿ ಒಳಸ್ಮೃತಿಯಿಂದ ಕಾರ್ಡಿಗೆ ನಕಲು ಮಾಡುವ ಆಯ್ಕೆ. ಕೇಬಲಿನ ತುದಿ ಹೆಚ್ಚಾಗಿ ಮಿನಿ ಯುಎಸ್‌ಬಿ, ಈಗಿನ ಫೋನುಗಳ ಯಾವ ಕೇಬಲೂ ಅದಕ್ಕೆ ಕೂರುವುದಿಲ್ಲ, ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ.

ನಮ್ಮ ತಂದೆಯವರ ಕ್ಯಾಮೆರಾದಲ್ಲಿ ಹೀಗೆ ಕಾರ್ಡ್ ತೆಗೆದು ನೋಡಿದಾಗ ಹದಿನಾಲ್ಕು ಚಿತ್ರಗಳು ಸಿಕ್ಕವು. ಹನ್ನೊಂದರಲ್ಲಿ ಹಿತ್ತಲಿನ ದಾಸವಾಳದ ಒಂದೇ ಹೂವು, ಬೇರೆ ಬೇರೆ ದೂರದಿಂದ. ಉಳಿದ ಮೂರರಲ್ಲಿ ಅವರದೇ ಹೆಬ್ಬೆರಳು.